ದ್ರಾಕ್ಷಿ ಚರಟ ಮತ್ತು ನಲವತ್ತು ರೇಷ್ಮೆ ಹುಳ

ದ್ರಾಕ್ಷಿಯ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜಗಳ ರಾಶಿಯನ್ನು ನಾವು ಚರಟ ಎಂದೇ ಕರೆಯುತ್ತೇವೆ. ಹಿಂಡಿದ ನಾಲ್ಕು ಗಂಟೆಯೊಳಗೆ ಅದು ನಮ್ಮ ಘಟಕಕ್ಕೆ ಬಂದುಬಿಡಬೇಕು. ತಡವಾದರೆ ಡ್ರಮ್ಮಿಗೆ ಕೈಯಿಟ್ಟ ಕೂಡಲೇ ಗೊತ್ತಾಗುತ್ತದೆ. ರಾಶಿಯ ನಡುಭಾಗ ಬೆಚ್ಚಗಾಗಿರುತ್ತದೆ, ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅಂಥ ಡ್ರಮ್ಮು ನೇರ ಗೊಬ್ಬರದ ಗುಂಡಿಗೆ.

ಘಟಕವೆಂದರೆ ದೊಡ್ಡದೇನಲ್ಲ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ತಗಡಿನ ಚಾವಣಿಯ ಒಂದು ಶೆಡ್ಡು, ಅದರ ಮೂಲೆಯಲ್ಲಿ ಗಾಜಿನ ಬಾಗಿಲಿನ ನನ್ನ ಪ್ರಯೋಗಾಲಯ. ನಂದಿಯ ಕಡೆಯ ತೋಟಗಳ ನೀಲಿ ದ್ರಾಕ್ಷಿಯಲ್ಲಿ ಒಡೆದದ್ದು, ಉದುರಿದ್ದು ಹತ್ತಿರದ ರಸದ ಕಾರ್ಖಾನೆಗೆ ಹೋಗುತ್ತದೆ. ಅವರು ರಸ ತೆಗೆದು ತಿಪ್ಪೆಗೆ ಹಾಕುತ್ತಿದ್ದ ಸಿಪ್ಪೆಯಲ್ಲೇ ಹಣ್ಣಿನ ಸತ್ವ ಬಹಳಷ್ಟು ಉಳಿದಿರುತ್ತದೆ. ಆಂಥೋಸಯನಿನ್ ಎಂಬ ಆ ನೇರಳೆ ಸಂಯುಕ್ತವನ್ನು ತಿನಿಸಿಗೆ ಬಣ್ಣ ಕೊಡುವುದಕ್ಕೂ ಕೊಳ್ಳುತ್ತಾರೆ, ಮೈಗೆ ಒಳ್ಳೆಯದೆಂದು ಪೌಷ್ಟಿಕ ಪುಡಿಗೆ ಸೇರಿಸುವುದಕ್ಕೂ ಕೊಳ್ಳುತ್ತಾರೆ. ಅದನ್ನು ಸಿಪ್ಪೆಯಿಂದ ಬಿಡಿಸಿ ಪುಡಿ ಮಾಡುವುದು ನಮ್ಮ ಕೆಲಸ. ರಸಾಯನದ ಹೊಣೆ ಪೂರ್ತಿ ನನ್ನದು. ನನ್ನ ಮೇಲೆ ಮಾಲೀಕರು, ಜೊತೆಗೆ ಕೆಲಸಕ್ಕೆ ನಾಲ್ಕು ಮಂದಿ.

ಆ ನಾಲ್ವರಲ್ಲಿ ಹಿರಿಯರು ಮೇಲೂರಿನ ಒಬ್ಬ ಹೆಂಗಸು. ಐವತ್ತು ದಾಟಿರಬಹುದು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಮನೆಯಲ್ಲಿ ಒಂದಿಷ್ಟು ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಸಾಕಾಣಿಕೆ. ಬೆಳಗಿನ ಸೊಪ್ಪು ಹಾಕಿ ಮುಗಿಸಿ ಅವರು ಬಸ್ಸಿಗೆ ಬರುತ್ತಿದ್ದರು. ಹುಳ ಸಾಕಿದವರ ಕೈ ನಿಧಾನ, ಚೊಕ್ಕಟ. ಸೋಸುವ ಬಟ್ಟೆಯನ್ನು ಅವರಷ್ಟು ಚೆನ್ನಾಗಿ ಯಾರೂ ತೊಳೆಯುತ್ತಿರಲಿಲ್ಲ.

ಮೊದಲ ಕಟಾವಿನಲ್ಲಿ ನಾವು ಹಿಡಿದ ದಾರಿ ಇದು. ಅರವತ್ತು ಪಾಲು ಆಲ್ಕೋಹಾಲಿಗೆ ನಲವತ್ತು ಪಾಲು ನೀರು, ಆಮ್ಲೀಯತೆ ಸರಿಯಾಗಿ ನಿಲ್ಲುವಷ್ಟು ನಿಂಬೆ ಉಪ್ಪು. ಅದರಲ್ಲಿ ಚರಟವನ್ನು ನಲವತ್ತೈದು ಡಿಗ್ರಿ ಶಾಖದಲ್ಲಿ ಎರಡು ಗಂಟೆ ನೆನೆಸಿ, ಸೋಸಿ, ಒಳಗಿನ ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿ ಬತ್ತಿಸಿ, ಕೊನೆಗೆ ಬಿಸಿಗಾಳಿಗೆ ಸಿಂಪಡಿಸಿ ಪುಡಿ ಮಾಡುವುದು. ಶಾಖ ಎಪ್ಪತ್ತು ದಾಟಿದ ಒಂದು ದಿನ ಇಡೀ ಪಾತ್ರೆಯ ಬಣ್ಣ ಕಂದಿ ಹಳೆಯ ಹುಣಸೆಹಣ್ಣಿನಂತಾಯಿತು. ಆಮೇಲೆ ಥರ್ಮಾಮೀಟರಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಮೂರನೇ ವಾರಕ್ಕೆ ಪುಡಿ ಕೈಗೆ ಬಂತು. ಒಂದು ಚಿಟಿಕೆ ನೀರಿಗೆ ಹಾಕಿದರೆ ಲೋಟವೆಲ್ಲ ಮಾಣಿಕ್ಯದ ಬಣ್ಣ. ಅಳೆದು ನೋಡಿದೆ, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇತ್ತು.

ಆ ಹಿಗ್ಗಿನಲ್ಲಿ ನಾನೊಂದು ಕೆಲಸ ಮಾಡಿದೆ. ಅಕ್ಕನ ಮಗಳನ್ನು ಚಿಂತಾಮಣಿಗೆ ಕೊಟ್ಟಿದ್ದರು. ಆಕೆ ಹೆರಿಗೆಗೆಂದು ತವರಿಗೆ ಬಂದಿದ್ದಳು, ಏಳು ತಿಂಗಳು. ಮೈಯಲ್ಲಿ ಸುಸ್ತು, ಊಟ ಸೇರುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದರು. ನಾನು ಪುಡಿಯನ್ನು ಒಂದು ಸಣ್ಣ ಬಾಟಲಿಗೆ ತುಂಬಿ ಕೊಟ್ಟೆ.

"ದಿನಾ ಅರ್ಧ ಚಮಚ ನೀರಿಗೆ ಹಾಕಿ ಕೊಡಿ ಅಕ್ಕ. ಇದು ದ್ರಾಕ್ಷಿ ಸತ್ವ, ಬೇರೆ ಏನೂ ಇಲ್ಲ."

ಬೇರೆ ಏನೂ ಇಲ್ಲ ಎಂದು ನಾನು ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಬಣ್ಣ ಎಷ್ಟಿದೆ ಎಂದು ಅಳೆದಿದ್ದೆ. ತೇವ ಎಷ್ಟಿದೆ ಎಂದು ನೋಡಿದ್ದೆ. ಬೇರೆ ಏನಿದೆ ಎಂದು ನೋಡಿರಲೇ ಇಲ್ಲ.

ಬೆಂಗಳೂರಿನಲ್ಲಿ ಪೌಷ್ಟಿಕ ಪುಡಿ ಮಾಡುವ ಗ್ರಾಹಕರೊಬ್ಬರಿಗೆ ಮಾದರಿ ಕಳಿಸಿದ್ದೆವು. ಅವರು ತಮ್ಮ ಪದ್ಧತಿಯಂತೆ ಪರೀಕ್ಷೆ ಮಾಡಿಸಿ ವರದಿ ಕಳಿಸಿದರು. ಬಣ್ಣದ ಸಾಲಿನಲ್ಲಿ ಮೆಚ್ಚುಗೆಯಿತ್ತು. ಕೆಳಗೆ ಕೀಟನಾಶಕಗಳ ಪಟ್ಟಿಯಲ್ಲಿ ಒಂದರ ಪ್ರಮಾಣ ಮಿತಿಯ ಮೂರು ಪಟ್ಟು ಇತ್ತು. ಜೊತೆಗೆ ಎರಡು ಸಾಲಿನ ಪತ್ರ: ಈ ಪುಡಿ ನಮಗೆ ಬೇಡ, ಸರಿಪಡಿಸಿದರೆ ಮತ್ತೆ ನೋಡೋಣ.

ಕಾಗದ ಹಿಡಿದುಕೊಂಡು ಕೂತಾಗ ಲೆಕ್ಕ ತಾನಾಗಿಯೇ ತಲೆಯಲ್ಲಿ ಬಿಡಿಸಿಕೊಂಡಿತು. ನೂರು ಕಿಲೋ ಚರಟವನ್ನು ನಾವು ಎರಡು ಕಿಲೋ ಪುಡಿಗೆ ಇಳಿಸುತ್ತೇವೆ. ಒಳ್ಳೆಯದನ್ನು ಒಟ್ಟುಗೂಡಿಸುವ ಕೆಲಸವೇ ಕೆಟ್ಟದ್ದನ್ನೂ ಒಟ್ಟುಗೂಡಿಸುತ್ತದೆ. ಅದರಲ್ಲೂ ಈ ಔಷಧಿಗಳು ಸಿಪ್ಪೆಯ ಮೇಲಿನ ಮೇಣದಲ್ಲಿ ಕೂತಿರುತ್ತವೆ. ನೀರಿಗೆ ಸುಲಭಕ್ಕೆ ಬಿಡದ ಅವು ಆಲ್ಕೋಹಾಲಿಗೆ ಸಲೀಸಾಗಿ ಬಿಡುತ್ತವೆ. ಕಾಲೇಜಿನಲ್ಲಿ ಓದಿದ ಪಾಠ ಇದು. ನನಗೆ ಹೊಳೆದಿರಲಿಲ್ಲ, ಅಷ್ಟೇ. ನಮ್ಮ ಕಡೆ ಕೀಟನಾಶಕಕ್ಕೂ ಔಷಧಿ ಎಂದೇ ಹೇಳುವುದು.

ಮಾಲೀಕರು ವರದಿಯನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಶೆಡ್ಡಿನ ಮೂಲೆಯಲ್ಲಿ ಹದಿನೆಂಟು ಕಿಲೋ ಪುಡಿ ಡಬ್ಬಗಳಲ್ಲಿ ಕೂತಿತ್ತು.

"ಔಷಧಿ ಇಲ್ದೇ ಇರೋ ಪುಡಿ ಬೇರೆ ಕಡೆಯಿಂದ ತರಿಸಿ ಇದಕ್ಕೆ ಬೆರೆಸಿದ್ರೆ?" ಎಂದರು. "ಒಂದಕ್ಕೆ ಮೂರು ಪಾಲು ಸೇರಿಸಿದ್ರೆ ಮಿತಿಯೊಳಗೆ ಬರಲ್ವಾ ಮೇಡಂ?"

"ಬರುತ್ತೆ ಸರ್," ಎಂದೆ. ಯಾಕೆಂದರೆ ಅದೇ ಲೆಕ್ಕವನ್ನು ನಾನೂ ಮಾಡಿ ನೋಡಿದ್ದೆ. "ನಾಳೆ ಹೇಳ್ತೀನಿ."

ಅಕ್ಕ ಅಂದು ರಜೆ ಹಾಕಿದ್ದರು, ಹುಳಕ್ಕೆ ಸೊಪ್ಪು ಜಾಸ್ತಿ ಬೇಕಾದ ದಿನಗಳು. ನಾನು ವರದಿಯನ್ನು ಚೀಲದಲ್ಲಿಟ್ಟುಕೊಂಡು ಮೇಲೂರಿಗೆ ಹೊರಟೆ. ಬಸ್ಸಿನಲ್ಲಿ ಹೇಗೆ ಹೇಳಬೇಕೆಂದು ನಾಲ್ಕಾರು ರೀತಿ ಯೋಚಿಸಿದೆ. ಜಗಲಿಯ ಮೇಲೆ ಸೊಪ್ಪಿನ ಕಡ್ಡಿ ಕತ್ತರಿಸುತ್ತಿದ್ದ ಅಕ್ಕ, ಗೋಡೆಗೊರಗಿ ಕಾಲು ಚಾಚಿ ಕೂತಿದ್ದ ಮಗಳು, ಇಬ್ಬರನ್ನೂ ಕಂಡ ಮೇಲೆ ಯಾವುದೂ ನೆನಪಿಗೆ ಬರಲಿಲ್ಲ.

"ಅಕ್ಕ, ಆ ಪುಡಿ ಇನ್ನು ಕೊಡಬೇಡಿ. ಅದರಲ್ಲಿ ತೋಟಕ್ಕೆ ಹೊಡೆಯೋ ಔಷಧಿ ಇದೆ ಅಂತ ವರದಿ ಬಂದಿದೆ. ನೋಡದೇ ಕೊಟ್ಟೆ. ನನ್ನ ತಪ್ಪು."

ಅಕ್ಕನ ಕೈಯಲ್ಲಿದ್ದ ಕುಡುಗೋಲು ನಿಂತಿತು.

"ಎಷ್ಟು ದಿನ ಆಯ್ತು ಕೊಟ್ಟು?"

"ಹನ್ನೊಂದು ದಿನ."

ಅವರು ಮಗಳ ಕಡೆ ನೋಡಿದರು. ಮಗಳು ಸೆರಗನ್ನು ಎಳೆದುಕೊಂಡಳು.

"ನಾನು ಮೂರ್ನಾಲ್ಕು ದಿನ ಅಷ್ಟೇ ಕುಡಿದಿದ್ದು ಕಣಮ್ಮ," ಎಂದಳು. "ಒಗರು ಅಂದ್ರೆ ಒಗರು. ಆಮೇಲೆ ನೀನು ಬಸ್ಸಿಗೆ ಹೋದ್ಮೇಲೆ ಕರಿಬೇವಿನ ಗಿಡಕ್ಕೆ ಸುರೀತಿದ್ದೆ."

ಬೇರೆ ದಿನವಾಗಿದ್ದರೆ ನಾವು ಮೂವರೂ ನಗುತ್ತಿದ್ದೆವು. ಅಂದು ನಗು ಬರಲಿಲ್ಲ. ಆದರೆ ನನ್ನ ಎದೆಯ ಮೇಲಿದ್ದ ಭಾರದಲ್ಲಿ ಅರ್ಧ ಇಳಿಯಿತು. ಮರುದಿನ ಬೆಳಿಗ್ಗೆ ನಾನೇ ಅವರಿಬ್ಬರ ಜೊತೆಗೆ ಹೋಗಿ ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ತೋರಿಸಿದೆ. ವೈದ್ಯೆ ವರದಿ ಓದಿದರು, ಕುಡಿದ ಪ್ರಮಾಣ ಕೇಳಿದರು, ಮಗುವಿನ ಎದೆಬಡಿತ ಕೇಳಿದರು. ಇಷ್ಟರಿಂದ ಹೆದರಬೇಕಾದ್ದು ಕಾಣುವುದಿಲ್ಲ, ತಿಂಗಳ ತಪಾಸಣೆ ಮಾತ್ರ ತಪ್ಪಿಸಬೇಡಿ ಎಂದರು. ಹೊರಡುವಾಗ ನನ್ನ ಮುಖ ನೋಡಿ, "ನೀವೂ ಸ್ವಲ್ಪ ನೀರು ಕುಡೀರಿ," ಎಂದರು.

ಆಸ್ಪತ್ರೆಯ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕ ತಾವಾಗಿಯೇ ಮಾತು ತೆಗೆದರು. ಬೈಯುತ್ತಾರೇನೋ ಅಂದುಕೊಂಡೆ. ಬೈಯಲಿಲ್ಲ.

"ನೀವು ಓದಿದೋರು, ನಾನು ಹೇಳೋದಲ್ಲ. ಆದ್ರೆ ನಾವು ಹುಳಕ್ಕೆ ಹೊರಗಡೆ ಸೊಪ್ಪು ತಂದ್ರೆ ಹಂಗೇ ಹಾಕ್ಬಿಡಲ್ಲಮ್ಮ. ಪಕ್ಕದ ತೋಟದಾಗೆ ಏನಾದ್ರೂ ಹೊಡೆದಿದ್ರೆ ಗಾಳೀಲಿ ಬಂದು ಎಲೆ ಮೇಲೆ ಕೂತಿರುತ್ತೆ. ಒಂದು ಹತ್ತು ಹುಳಕ್ಕೆ ಮೊದ್ಲು ಹಾಕಿ ಒಂದು ದಿನ ನೋಡ್ತೀವಿ. ಅವು ತಿಂದು ಚೆನ್ನಾಗಿದ್ರೆ ಮಿಕ್ಕಿದ್ದಕ್ಕೆ."

"ಚೆನ್ನಾಗಿಲ್ದಿದ್ರೆ?"

"ತಲೆ ಎತ್ತಿ ಆಡಿಸ್ತವೆ. ಹಸಿರು ನೀರು ಕಕ್ತವೆ. ಎಂಥ ಔಷಧಿ ಅಂತ ಅದು ಹೇಳಲ್ಲ, ಆದ್ರೆ ಬೇಡ ಅಂತ ಹೇಳುತ್ತೆ."

ಬಸ್ಸು ಬಂತು, ನಾವು ಹತ್ತಿದೆವು. ದಾರಿಯುದ್ದಕ್ಕೂ ನಾನು ಆ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಬೆಂಗಳೂರಿನ ಪರೀಕ್ಷೆಯ ವರದಿ ಬರುವುದಕ್ಕೆ ಒಂದು ವಾರ ಬೇಕು. ಚರಟ ಕಾಯುವುದು ನಾಲ್ಕು ಗಂಟೆ. ಹುಳಕ್ಕೆ ಒಂದು ದಿನ ಸಾಕು. ಹಾಗಾದರೆ ಪರೀಕ್ಷೆಯನ್ನು ಚರಟದ ಮೇಲೆ ಮಾಡುವುದೇ ತಪ್ಪು, ಕಟಾವಿಗೆ ಮೊದಲು ತೋಟದ ಹಣ್ಣಿನ ಮೇಲೆ ಮಾಡಬೇಕು.

ಮಾಲೀಕರಿಗೆ ನಾನು ಮೂರು ವಿಷಯ ಹೇಳಿದೆ. ಹದಿನೆಂಟು ಕಿಲೋ ಪುಡಿಯನ್ನು ಬೆರೆಸುವುದಿಲ್ಲ, ಮೊಹರು ಹಾಕಿ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವವರಿಗೆ ಕೊಡಬೇಕು. ಆಲ್ಕೋಹಾಲು ಬಿಟ್ಟು ಬರೀ ನೀರಿನಲ್ಲಿ ಬಣ್ಣ ತೆಗೆಯುವುದನ್ನು ಕಲಿಯಬೇಕು. ತೋಟಗಳನ್ನು ಆರಿಸಿಕೊಳ್ಳಬೇಕು. ಅದಕ್ಕೆ ಮುಂದಿನ ಕಟಾವಿನವರೆಗೆ ಸಮಯ ಕೊಡಿ ಎಂದೆ.

"ನೀವು ಬೆರೆಸಲ್ಲ ಅಂದ್ರೆ ನಾನು ಇನ್ನೊಬ್ಬರ ಹತ್ರ ಬೆರೆಸಿಸಬಹುದು," ಎಂದರು ಅವರು. ಕೋಪದಿಂದಲ್ಲ, ಯೋಚಿಸುತ್ತಾ ಹೇಳಿದರು.

"ಬೆರೆಸಿಸಬಹುದು ಸರ್. ಆ ಡಬ್ಬದ ಮೇಲೆ ನನ್ನ ಸಹಿ ಇರಲ್ಲ." ಆಸ್ಪತ್ರೆಗೆ ಹೋಗಿಬಂದ ಸಂಗತಿಯನ್ನೂ ಹೇಳಿದೆ.

ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತರು. "ಒಂದು ಕಟಾವು," ಎಂದರು ಕೊನೆಗೆ. "ಆಮೇಲೆ ಶೆಡ್ಡು ನಡೆಸಬೇಕೋ ಮುಚ್ಚಬೇಕೋ ನೋಡೋಣ."

ನೀರಿನ ಕೆಲಸ ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಶೀತಲ ಪೆಟ್ಟಿಗೆಯಲ್ಲಿ ಉಳಿಸಿಕೊಂಡಿದ್ದ ಚರಟವನ್ನು ಸ್ವಲ್ಪಸ್ವಲ್ಪ ಕರಗಿಸಿ ಪ್ರಯತ್ನ ಮಾಡಿದೆವು. ಮೊದಲ ದಿನ ಪಾತ್ರೆಯ ತಳದ ನಲ್ಲಿ ತಿರುಗಿಸಿದರೆ ಹನಿ ಬೀಳಲಿಲ್ಲ. ಒಳಗೆಲ್ಲ ಗಂಜಿಯಂತೆ ಮಂದವಾಗಿತ್ತು. ಆಲ್ಕೋಹಾಲಿನಲ್ಲಿ ಗಟ್ಟಿಯಾಗಿ ಸಿಪ್ಪೆಯಲ್ಲೇ ಉಳಿಯುತ್ತಿದ್ದ ಪೆಕ್ಟಿನ್, ಅಂದರೆ ಹಣ್ಣಿನ ಜಾಮ್ ಗಟ್ಟಿಯಾಗುವುದಕ್ಕೆ ಕಾರಣವಾದ ಅಂಟು, ಬಿಸಿನೀರಿಗೆ ಪೂರ್ತಿ ಬಿಟ್ಟುಕೊಂಡಿತ್ತು. ಸೋಸುವ ಬಟ್ಟೆ ಹತ್ತು ನಿಮಿಷಕ್ಕೆ ಕಟ್ಟಿಕೊಳ್ಳುತ್ತಿತ್ತು. ಅಕ್ಕ ದಿನಕ್ಕೆ ಇಪ್ಪತ್ತು ಸಲ ಬಟ್ಟೆ ತೊಳೆದರು. ಬಟ್ಟೆ ಬದಲಿಸಿ ನೋಡಿದೆ, ಒತ್ತಡ ಹೆಚ್ಚಿಸಿ ನೋಡಿದೆ, ಒಂದು ಬಟ್ಟೆ ಹರಿದು ನನ್ನ ಮೈಯೆಲ್ಲ ನೇರಳೆಯಾಯಿತು. ಎಂಟನೇ ದಿನ ನೆನಪಾಯಿತು, ರಸದ ಕಾರ್ಖಾನೆಯವರು ರಸ ತಿಳಿಯಾಗಲೆಂದು ಪೆಕ್ಟಿನ್ ಕತ್ತರಿಸುವ ಕಿಣ್ವ ಹಾಕುತ್ತಾರೆ. ಅವರ ಹತ್ತಿರವೇ ಒಂದು ಬಾಟಲಿ ಕೇಳಿ ತಂದೆ. ಐವತ್ತು ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟಾಗ ಗಂಜಿ ನೀರಾಯಿತು. ಅದೇ ಚರಟವನ್ನು ಎರಡನೇ ಸಲ ನೆನೆಸಿ ಹಿಂಡಿದೆವು. ಆಲ್ಕೋಹಾಲಿನಲ್ಲಿ ಬಂದಿದ್ದ ಬಣ್ಣದ ಮುಕ್ಕಾಲು ಪಾಲು ಬಂತು. ಪರೀಕ್ಷೆಗೆ ಕಳಿಸಿದಾಗ ಔಷಧಿ ಬಹಳ ಇಳಿದಿತ್ತು, ಆದರೂ ಮಿತಿಯ ಅಂಚಿನಲ್ಲೇ ಇತ್ತು. ಅಂಚಿನಲ್ಲಿ ನಿಲ್ಲುವ ಧೈರ್ಯ ನನಗಿನ್ನು ಇರಲಿಲ್ಲ.

ಹುಳದ ಪರೀಕ್ಷೆಗೆ ಅಕ್ಕ ಒಂದೇ ಶರತ್ತು ಹಾಕಿದರು. ಆ ಹುಳ ಅವರ ಹುಳಮನೆಯ ಹತ್ತಿರ ಸುಳಿಯಬಾರದು. ಹಾಗಾಗಿ ಘಟಕದ ಉಗ್ರಾಣವನ್ನು ತೊಳೆದು ಖಾಲಿ ಮಾಡಿದೆವು. ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಕಳಚಿದ ನಲವತ್ತು ಹುಳಗಳನ್ನು ಅಕ್ಕ ಊಟದ ಡಬ್ಬಿಯಲ್ಲಿ ಸೊಪ್ಪಿನ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ತಂದರು. ನಂದಿಯ ಕಡೆ ಕಟಾವಿಗೆ ಬಂದಿದ್ದ ಒಂದು ತೋಟದಿಂದ ಗೊಂಚಲು ತಂದು, ಸಿಪ್ಪೆ ಜಜ್ಜಿ, ನೀರು ಬೆರೆಸಿ, ಅದರಲ್ಲಿ ಎಲೆ ಅದ್ದಿ, ನೆರಳಲ್ಲಿ ಒಣಗಿಸಿ ಹಾಕಿದೆವು.

ಒಂದು ಹುಳವೂ ಎಲೆ ಮುಟ್ಟಲಿಲ್ಲ. ಅಂಚಿಗೆ ಸರಿದು ಸುಮ್ಮನೆ ಮಲಗಿದವು.

"ಹುಳಿ ಎಲೆ ಯಾವ ಹುಳ ತಿಂತೈತೆ?" ಎಂದರು ಅಕ್ಕ.

ಅಡುಗೆ ಸೋಡಾ ಹಾಕಿ ಹುಳಿ ಮುರಿದೆ, ನೀರು ಇನ್ನಷ್ಟು ಬೆರೆಸಿ ತೆಳುವಾಗಿಸಿದೆ. ಇನ್ನೊಂದು ಸಮಸ್ಯೆ ಉಳಿಯಿತು. ಹುಳ ಸತ್ತರೆ ಅದು ಔಷಧಿಯಿಂದಲೋ, ದ್ರಾಕ್ಷಿ ರಸ ಒಗ್ಗದ್ದಕ್ಕೋ ತಿಳಿಯುವುದು ಹೇಗೆ? ಹೋಲಿಸಿ ನೋಡುವುದಕ್ಕೆ ಔಷಧಿಯನ್ನೇ ಕಾಣದ ದ್ರಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು ನಂದಿಯ ಒಬ್ಬ ಮೇಷ್ಟ್ರ ಮನೆಯ ಅಂಗಳದಲ್ಲಿ. ಅವರು ಪ್ರೌಢಶಾಲೆಯ ಗಣಿತದ ಮೇಷ್ಟ್ರು, ತಲೆಮಾರುಗಳಿಂದ ಬಂದ ಜಮೀನಿನಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರು. ಮನೆ ಮುಂದೆ ಸಣ್ಣದೊಂದು ಚಪ್ಪರ, ಅದರ ಬಳ್ಳಿಗೆ ಯಾವತ್ತೂ ಏನೂ ಹೊಡೆದಿಲ್ಲವೆಂದು ಹೇಳಿ ಗೊಂಚಲು ಕಿತ್ತು ಕೊಟ್ಟರು. ಅವರ ತೋಟದ್ದೂ ಒಂದು ಗೊಂಚಲು ತಂದೆ. ಬೇರೆ ಎರಡು ತೋಟಗಳದ್ದೂ ಸೇರಿತು. ಹೊಸದಾಗಿ ತಂದ ನಲವತ್ತು ಹುಳ, ನಾಲ್ಕು ತಟ್ಟೆ, ತಟ್ಟೆಗೆ ಹತ್ತರಂತೆ.

ಮರುದಿನ ಬೆಳಿಗ್ಗೆ ಅಕ್ಕ ನನಗಿಂತ ಮೊದಲೇ ಬಂದು ಉಗ್ರಾಣದ ಬಾಗಿಲಲ್ಲಿ ನಿಂತಿದ್ದರು. ಮೂರು ತಟ್ಟೆಗಳಲ್ಲಿ ಎಲೆಗಳು ಜರಡಿಯಾಗಿದ್ದವು, ಹುಳಗಳು ತಿನ್ನುತ್ತಲೇ ಇದ್ದವು. ನಾಲ್ಕನೆಯದರಲ್ಲಿ ಏಳು ಸತ್ತಿದ್ದವು. ಉಳಿದ ಮೂರು ತಲೆಯೆತ್ತಿ ಆಚೀಚೆ ಆಡಿಸುತ್ತಿದ್ದವು. ಅದು ಮೇಷ್ಟ್ರ ತೋಟದ ತಟ್ಟೆ.

ಅವರಿಗೆ ಫೋನ್ ಮಾಡಿ ಬರಹೇಳಿದೆ. ಶಾಲೆ ಮುಗಿಸಿ ಸ್ಕೂಟರಿನಲ್ಲಿ ಬಂದರು. ತಟ್ಟೆಗಳ ಮುಂದೆ ಬಗ್ಗಿ, ಮೊದಲು ಮನೆಯ ಚಪ್ಪರದ ತಟ್ಟೆ, ಆಮೇಲೆ ತೋಟದ ತಟ್ಟೆ, ಎರಡನ್ನೂ ಸಾಕಷ್ಟು ಹೊತ್ತು ನೋಡಿದರು.

"ಏಮ್ ಚೆಪ್ಪೇದಿ," ಎಂದು ತಮಗೆ ತಾವೇ ತೆಲುಗಿನಲ್ಲಿ ಅಂದುಕೊಂಡರು, ಏನಂತ ಹೇಳೋದು ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿದರು. "ಕಟಾವಿಗೆ ಎಂಟು ದಿನ ಇತ್ತು ಮೇಡಂ, ಹಿಟ್ಟು ತಿಗಣೆ ಬಿತ್ತು. ಬಿಟ್ರೆ ಗೊಂಚಲೆಲ್ಲಾ ಬೆಳ್ಳಗಾಗುತ್ತೆ. ಹೊಡೆದೆ. ಮನೆ ಮುಂದಿನ ಚಪ್ಪರಕ್ಕೆ ಹೊಡೆಯಲ್ಲ, ಬೀದಿ ಮಕ್ಕಳು ಕಿತ್ಕೊಂಡು ತಿಂತಾರೆ ಅಂತ..."

ಹೇಳುತ್ತಾ ಹೇಳುತ್ತಾ ಅವರೇ ನಿಲ್ಲಿಸಿದರು. ಅಕ್ಕ ಒಳಗೆ ಹೋಗಿ ಅವರಿಗೆ ಟೀ ತಂದುಕೊಟ್ಟರು.

ಬಳ್ಳಿ ಸವರಿದ ಮೇಲೆ ಬರುವ ಮುಂದಿನ ಫಸಲಿಗೆ ಮೇಷ್ಟ್ರು ಮೊದಲಿನಿಂದಲೇ ಎಚ್ಚರ ವಹಿಸಿದರು. ಕಾಂಡದ ಸಡಿಲ ತೊಗಟೆ ಸುಲಿಸಿ, ಒರೆಸಿ, ತಿಗಣೆ ಅಡಗುವ ಜಾಗವನ್ನೇ ಇಲ್ಲವಾಗಿಸಿದರು. ಕಾಣಿಸಿಕೊಂಡ ಕಡೆ ಬೇವಿನೆಣ್ಣೆ, ಸೋಪಿನ ನೀರು. ಔಷಧಿ ಹೊಡೆದ ದಿನವನ್ನೆಲ್ಲ ಶಾಲೆಯ ಹಾಜರಿ ಪುಸ್ತಕದಂಥ ಒಂದು ಪುಸ್ತಕದಲ್ಲಿ ಬರೆದಿಟ್ಟರು. ಅದರಲ್ಲಿ ಕಟಾವಿಗೆ ಮೊದಲಿನ ದಿನಗಳ ಚೌಕಗಳೆಲ್ಲ ಖಾಲಿ. ಆ ಪುಸ್ತಕ ಹಿಡಿದುಕೊಂಡು ಅಕ್ಕಪಕ್ಕದ ತೋಟದವರ ಹತ್ತಿರ ನಮಗಿಂತ ಹೆಚ್ಚು ಮಾತಾಡಿದವರು ಅವರೇ. ಗೌರಿಬಿದನೂರಿನ ಕಡೆಯಿಂದಲೂ ಇಬ್ಬರು ಬೆಳೆಗಾರರು ಬಂದು ತಟ್ಟೆ ನೋಡಿಕೊಂಡು ಹೋದರು.

ಹುಳದ ಪರೀಕ್ಷೆಯಿಂದಲೇ ಎಲ್ಲ ಗೊತ್ತಾಗುತ್ತದೆಂದು ನಾನು ಹೇಳುವುದಿಲ್ಲ. ಬೂದಿ ರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕ ತಿಂದೂ ಹುಳ ಬದುಕಬಹುದು. ಆದ್ದರಿಂದ ಪ್ರತಿ ಸಲದ ಪುಡಿ ಬೆಂಗಳೂರಿನ ಪರೀಕ್ಷೆಗೆ ಹೋಗಿಯೇ ಹೋಗುತ್ತದೆ, ವರದಿ ಬರುವ ತನಕ ಡಬ್ಬ ಕದಲುವುದಿಲ್ಲ. ಆದರೆ ಬೇಡದ ತೋಟವನ್ನು ಹಿಂಡುವ ಮೊದಲೇ ಬಿಡುವುದಕ್ಕೆ ಹುಳಕ್ಕಿಂತ ಬೇಗ ಹೇಳುವವರು ನಮಗೆ ಸಿಕ್ಕಿಲ್ಲ.

ಈ ನಡುವೆ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನೋಡಲು ಹೋದಾಗ ಮಗುವನ್ನು ನನ್ನ ಮಡಿಲಿಗೆ ಕೊಟ್ಟರು. ಅದರ ಬೆರಳುಗಳನ್ನು ಎಣಿಸಿದೆ. ಎಣಿಸಿದ್ದನ್ನು ಅಕ್ಕ ನೋಡಿದರು, ನೋಡಿದರೂ ನೋಡದವರಂತೆ ಮಗುವಿನ ಬಟ್ಟೆ ಮಡಚಿದರು.

ಹೊಸ ಕಟಾವಿನ ಮೊದಲ ಪುಡಿಯ ವರದಿ ಬಂದಾಗ ಪಟ್ಟಿಯ ಎಲ್ಲ ಸಾಲೂ ಮಿತಿಗಿಂತ ಬಹಳ ಕೆಳಗಿತ್ತು. ಬಣ್ಣ ಹಿಂದಿನದಕ್ಕಿಂತ ಸ್ವಲ್ಪ ಮೆದು, ಆದರೂ ತೆಗೆದುಕೊಳ್ಳುತ್ತೇವೆ ಎಂದು ಗ್ರಾಹಕರು ಬರೆದರು. ಮಾಲೀಕರು ಶೆಡ್ಡು ಮುಚ್ಚುವ ಮಾತನ್ನು ಮತ್ತೆ ಎತ್ತಲಿಲ್ಲ.

ಅದೇ ಕಟಾವಿನಲ್ಲಿ ಎಲ್ಲ ತೋಟಗಳ ಪರೀಕ್ಷೆಗೂ ಒಂದು ರಿಜಿಸ್ಟರ್ ಇಟ್ಟೆವು. ತೋಟ ಯಾರದು, ಗೊಂಚಲು ಯಾವಾಗ ತಂದದ್ದು, ಹುಳ ಹೇಗಿವೆ, ಚರಟ ಬೇಕೋ ಬೇಡವೋ. ಕೊನೆಯ ಅಂಕಣವನ್ನು ಅಕ್ಕನೇ ಬರೆಯಬೇಕೆಂದು ನಾನು ಹೇಳಿದೆ. ಅಲ್ಲಿಯವರೆಗೆ ಸಂಬಳದ ಪುಸ್ತಕದಲ್ಲಿ ಸಹಿ ಬಿಟ್ಟರೆ ಅವರು ಘಟಕದಲ್ಲಿ ಏನನ್ನೂ ಬರೆದವರಲ್ಲ. ಮಾಲೀಕರು ಬಂದರೆ ಗೋಡೆಯ ಕಡೆ ಸರಿದು ನಿಲ್ಲುತ್ತಿದ್ದರು. ಮೊದಲ ಹನ್ನೆರಡು ತೋಟಕ್ಕೆ ಹನ್ನೆರಡು ಸಲ "ಆಗುತ್ತೆ" ಎಂದು ದುಂಡಗೆ ಬರೆದರು.

ಹದಿಮೂರನೆಯದು ಮಾಲೀಕರ ಭಾವಮೈದನ ತೋಟ. ಒಳ್ಳೆಯ ಹಣ್ಣು, ಹೆಚ್ಚು ಹಣ್ಣು. ಮರುದಿನ ತಟ್ಟೆಯಲ್ಲಿ ಐದು ಹುಳ ಬಿದ್ದಿದ್ದವು. ಅಕ್ಕ ತಟ್ಟೆಯನ್ನು ಬೆಳಕಿಗೆ ತಂದು ನೋಡಿದರು, ನನ್ನ ಕಡೆಯೂ ಒಂದು ಸಲ ನೋಡಿದರು. ನಾನು ಪೆನ್ನನ್ನು ರಿಜಿಸ್ಟರಿನ ಪಕ್ಕದಲ್ಲಿಟ್ಟೆ. ಅಷ್ಟರಲ್ಲಿ ಮಾಲೀಕರ ಕಾರು ಅಂಗಳಕ್ಕೆ ಬಂದ ಸದ್ದು ಕೇಳಿಸಿತು. ಅವರು ಒಳಗೆ ಬಂದು, "ನಮ್ಮ ಬಾಮೈದಂದು ನೋಡಿದ್ರಾ?" ಎಂದು ಕೇಳುತ್ತಾ ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕೊನೆಯ ಅಂಕಣ ಇನ್ನೂ ಖಾಲಿಯಿತ್ತು.

ಅಕ್ಕ ಗೋಡೆಯ ಕಡೆ ಸರಿಯಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದರು, ಅವರ ಕೈಯಿಂದ ರಿಜಿಸ್ಟರನ್ನು ಮೆಲ್ಲಗೆ ತೆಗೆದುಕೊಂಡು, ಮೇಜಿನ ಮೇಲಿಟ್ಟು, ಬಗ್ಗಿ, ಒಂದೊಂದೇ ಅಕ್ಷರವಾಗಿ "ಬೇಡ" ಎಂದು ಬರೆದರು. ಕೆಳಗೆ ತಮ್ಮ ಸಹಿ ಹಾಕಿದರು.

ಮಾಲೀಕರು ಆ ಎರಡಕ್ಷರವನ್ನು ನೋಡಿದರು. ಆಮೇಲೆ ತಟ್ಟೆಯನ್ನು ನೋಡಿದರು. ಜೇಬಿನಿಂದ ಫೋನ್ ತೆಗೆದು ರಸದ ಕಾರ್ಖಾನೆಗೆ ಕರೆ ಮಾಡಿದರು.

"ನಮ್ಮ ಬಾಮೈದನ ತೋಟದ ಹಣ್ಣು ಹಿಂಡಿದ್ರೆ ಆ ಚರಟ ಬೇರೆ ಇಡಿ," ಎಂದರು. "ನಮಗೆ ಬೇಡ. ಇಲ್ಲ, ನಾನಲ್ಲ. ನಮ್ಮ ಅಕ್ಕ ಬೇಡ ಅಂದಿದ್ದಾರೆ."